27 ಪದ, 39 ಕೋಟಿ ಬಂದೂಕು

ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಒಂದೇ ಒಂದು ವಾಕ್ಯ. ಇಂಗ್ಲಿಷ್ ಮೂಲದಲ್ಲಿ ಎಣಿಸಿದರೆ 27 ಪದ. ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಬೇಕು, ಆದ್ದರಿಂದ ಆಯುಧ ಇಟ್ಟುಕೊಳ್ಳುವ ಜನರ ಹಕ್ಕಿಗೆ ಸರ್ಕಾರ ಕೈ ಹಾಕಬಾರದು ಎಂಬುದು ಅದರ ತಿರುಳು. 1791ರ ಡಿಸೆಂಬರ್ 15ರಂದು ಅದು ಜಾರಿಗೆ ಬಂತು. ಒಬ್ಬ ದೊರೆಯ ಸೈನ್ಯವನ್ನು ಎದುರಿಸಿ ಆಗಷ್ಟೇ ಗೆದ್ದಿದ್ದ ಜನ, ನಾಳೆ ತಮ್ಮದೇ ಸರ್ಕಾರ ದೊರೆಯಂತೆ ತಿರುಗಿಬಿದ್ದರೆ ಏನು ಗತಿ ಎಂದು ಕೇಳಿಕೊಂಡರು. ಆ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರಗಳಲ್ಲಿ ಇದೂ ಒಂದು.

ಆ ಒಂದು ವಾಕ್ಯದ ನೆರಳಿನಲ್ಲಿ ಇಂದು ಅಮೆರಿಕದ ಸಾಮಾನ್ಯ ನಾಗರಿಕರ ಬಳಿ ಇರುವ ಬಂದೂಕುಗಳು ಸುಮಾರು 39.3 ಕೋಟಿ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2017ರ ಪರಿಸ್ಥಿತಿಗೆ ಹಾಕಿದ ಅಂದಾಜು ಇದು. ಆಮೇಲೆ ಮಾರಾಟವಾದವು ಈ ಲೆಕ್ಕದಲ್ಲಿಲ್ಲ. ಇಡೀ ಜಗತ್ತಿನ ನಾಗರಿಕರ ಬಳಿ ಇರುವುದು 85.7 ಕೋಟಿ. ಅಂದರೆ ಭೂಮಿಯ ಶೇ 4ರಷ್ಟು ಜನರ ಕೈಯಲ್ಲಿ ಶೇ 46ರಷ್ಟು ಬಂದೂಕುಗಳಿವೆ. ಜಗತ್ತಿನ ಎಲ್ಲ ದೇಶಗಳ ಸೈನ್ಯಗಳನ್ನು ಒಟ್ಟುಗೂಡಿಸಿದರೂ ಅವುಗಳ ಬಳಿಯ ಸಣ್ಣ ಶಸ್ತ್ರಾಸ್ತ್ರ 13.3 ಕೋಟಿ ಮಾತ್ರ. ಅದರ ಸುಮಾರು ಮೂರು ಪಟ್ಟು ಒಂದೇ ದೇಶದ ಗೃಹಸ್ಥರ ಮನೆಗಳಲ್ಲಿದೆ. ಅಮೆರಿಕದ ಸೈನ್ಯದ ಬಳಿ ಇರುವುದು ಸುಮಾರು 45 ಲಕ್ಷ. ಸೈನ್ಯದ ಒಂದು ಬಂದೂಕಿಗೆ ಪ್ರಜೆಗಳ 87 ಬಂದೂಕು.

ಇದನ್ನು ನಮ್ಮ ಕಣ್ಣಳತೆಗೆ ತಂದುಕೊಳ್ಳೋಣ. 1,000 ಜನರಿರುವ ಒಂದು ಹಳ್ಳಿ. ಅಮೆರಿಕದ ಪ್ರಮಾಣದಲ್ಲಿ ಅಲ್ಲಿ 1,205 ಬಂದೂಕುಗಳಿರಬೇಕು. ತೊಟ್ಟಿಲ ಕೂಸಿಗೂ ಹಾಸಿಗೆ ಹಿಡಿದ ಅಜ್ಜಿಗೂ ಒಂದೊಂದು ಕೊಟ್ಟ ಮೇಲೂ 205 ಮಿಕ್ಕುತ್ತವೆ. ಅದೇ ಸಂಸ್ಥೆಯ ಅಂದಾಜಿನಂತೆ ಭಾರತದ ಅಂಥ ಹಳ್ಳಿಯಲ್ಲಿ ಇರುವುದು 53. ಅದರಲ್ಲೂ ಲೈಸೆನ್ಸ್ ಪಡೆದವು ಏಳು.

ಮಾರಾಟದ ವೇಗವೂ ಅಷ್ಟೇ ದಂಗುಬಡಿಸುವಂಥದ್ದು. ಅಮೆರಿಕದಲ್ಲಿ ಅಂಗಡಿಯಿಂದ ಬಂದೂಕು ಕೊಳ್ಳುವವರ ಪೂರ್ವಾಪರವನ್ನು ಎಫ್‌ಬಿಐ ಕಂಪ್ಯೂಟರಿನಲ್ಲಿ ತಾಳೆ ನೋಡುತ್ತದೆ. ಕೊರೊನಾ ಬಂದ 2020ರಲ್ಲಿ ಹಾಗೆ ನಡೆದ ತಪಾಸಣೆಗಳು 3.97 ಕೋಟಿ. ಒಂದು ತಪಾಸಣೆ ಎಂದರೆ ಒಂದು ಮಾರಾಟವೆಂದೇ ಅರ್ಥವಲ್ಲ. ಆದರೂ ಹಗಲು ರಾತ್ರಿ, ಹಬ್ಬ ಹರಿದಿನ ಎನ್ನದೆ, ವರ್ಷದ ಪ್ರತಿ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ತಪಾಸಣೆ ನಡೆಯಿತು.

ಬಂದೂಕು ಏಕೆ ಬೇಕು ಎಂದು ಕೇಳಿದರೆ ಕಳ್ಳಕಾಕರ ಭಯ, ಬೇಟೆ, ಗುರಿಯಾಟ ಎಂದೆಲ್ಲ ಹೇಳುವವರಿದ್ದಾರೆ. ಆದರೆ ಈ ಹಕ್ಕಿನ ವಾದಕ್ಕೆ ನೈತಿಕ ಬಲ ತುಂಬಿರುವ ಮಾತು ಬೇರೆ: ಪ್ರಜೆಯ ಕೈಯಲ್ಲಿ ಆಯುಧವಿರುವ ತನಕ ಯಾವ ಸರ್ಕಾರವೂ ಸರ್ವಾಧಿಕಾರಿಯಾಗಲು ಹೆದರುತ್ತದೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ರಕ್ತದಲ್ಲಿ ಬರೆದ ಚರಿತ್ರೆಯಿದೆ. ಅದನ್ನು ಅದೇ ಗೌರವದಿಂದ, ಅಂಕಿಗಳ ತಕ್ಕಡಿಯಲ್ಲಿ ಇಟ್ಟು ತೂಗಬೇಕು.

ಆ ಚರಿತ್ರೆ 1775ರ ಏಪ್ರಿಲ್ 19ರಂದು ಶುರುವಾಗುತ್ತದೆ. ಹಿಂದಿನ ರಾತ್ರಿ ಬಾಸ್ಟನ್ ನಗರದಿಂದ ಸುಮಾರು 700 ಬ್ರಿಟಿಷ್ ಸೈನಿಕರು ಹೊರಟರು. 30 ಕಿಲೋಮೀಟರಿನಷ್ಟು ದೂರದ ಕಾಂಕರ್ಡ್ ಊರಿನಲ್ಲಿ ವಸಾಹತುಗಾರರು ಕೂಡಿಟ್ಟಿದ್ದ ಮದ್ದುಗುಂಡು, ಫಿರಂಗಿಗಳನ್ನು ವಶಪಡಿಸಿಕೊಂಡು ನಾಶಮಾಡುವುದು ಅವರಿಗೆ ಸಿಕ್ಕ ಆಜ್ಞೆ. ದಾರಿಯಲ್ಲಿ ಲೆಕ್ಸಿಂಗ್ಟನ್ ಊರಿನ ಬಯಲಿನಲ್ಲಿ ಅವರಿಗೆ ಎದುರು ನಿಂತವರು 80ಕ್ಕೂ ಕಡಿಮೆ ರೈತರು, ಕುಶಲಕರ್ಮಿಗಳು. ಅವರಲ್ಲಿ ಎಂಟು ಜನ ಸತ್ತರು. ಆದರೆ ಸುದ್ದಿ ಕುದುರೆಯ ಬೆನ್ನೇರಿ ಹಬ್ಬಿತು. ಸೈನಿಕರು ಬಾಸ್ಟನ್‌ಗೆ ಹಿಂದಿರುಗುವಷ್ಟರಲ್ಲಿ ರಸ್ತೆಯ ಇಕ್ಕೆಲದಲ್ಲೂ ಕಲ್ಲುಗೋಡೆ, ಮರಗಳ ಮರೆಯಲ್ಲಿ ಸಾವಿರಾರು ಜನ ಕೋವಿ ಹಿಡಿದು ಕಾದಿದ್ದರು. ಸಂಜೆಯಾಗುವ ಹೊತ್ತಿಗೆ ಬ್ರಿಟಿಷರ ಕಡೆ 73, ಅಮೆರಿಕನ್ನರ ಕಡೆ 49 ಹೆಣಗಳು ಬಿದ್ದಿದ್ದವು. ಸರ್ಕಾರ ಆಯುಧ ಕಸಿಯಲು ಬಂತು, ಜನ ಆಯುಧದಿಂದಲೇ ತಡೆದರು. ಎರಡನೇ ತಿದ್ದುಪಡಿಯ ಬೇರು ಇಲ್ಲಿದೆ.

ಅಂದಿನ ಆಯುಧ ಎಂಥದ್ದು? ಒಂದೂವರೆ ಮೀಟರ್ ಉದ್ದ, ನಾಲ್ಕೂವರೆ ಕಿಲೋ ತೂಕದ ಮಸ್ಕೆಟ್ ಕೋವಿ. ಕಾಗದದಲ್ಲಿ ಸುತ್ತಿದ ತೋಟವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದನ್ನು ಕಿವಿಯ ಬಟ್ಟಲಿಗೆ ಸುರಿದು ಮುಚ್ಚಬೇಕು. ಉಳಿದ ಮದ್ದನ್ನೂ ಸೀಸದ ಗುಂಡನ್ನೂ ಕಾಗದವನ್ನೂ ನಳಿಗೆಯ ಬಾಯಿಗೆ ಹಾಕಿ, ಕಡ್ಡಿ ಎಳೆದು ಗಿಡಿಯಬೇಕು. ಕಡ್ಡಿಯನ್ನು ಮತ್ತೆ ಅದರ ಜಾಗಕ್ಕೆ ಸಿಕ್ಕಿಸಿ, ಕುದುರೆ ಎತ್ತಿ, ಆಮೇಲೆ ಗುರಿ ಹಿಡಿಯಬೇಕು. ಕೈ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ. 100 ಮೀಟರ್ ದಾಟಿದರೆ ಗುರಿಯ ಮಾತೇ ಇಲ್ಲ. ಮಳೆ ಬಂದು ಮದ್ದು ನೆನೆದರೆ ಕೋವಿ ಬರಿಯ ದೊಣ್ಣೆ.

1792ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯ್ದೆ ಮಾಡಿತು. 18ರಿಂದ 45 ವರ್ಷದೊಳಗಿನ ಪ್ರತಿಯೊಬ್ಬ ಸಶಕ್ತ, ಸ್ವತಂತ್ರ ಬಿಳಿಯ ಗಂಡಸೂ ನಾಗರಿಕ ಪಡೆಗೆ ಹೆಸರು ಬರೆಸಬೇಕು. ಆರು ತಿಂಗಳೊಳಗೆ ತನ್ನ ಖರ್ಚಿನಲ್ಲೇ ಒಂದು ಕೋವಿ, ಒಂದು ಬಯನೆಟ್, ಎರಡು ಚಕಮಕಿ ಕಲ್ಲು, ಕನಿಷ್ಠ 24 ತೋಟ ಹಿಡಿಯುವ ಚೀಲ ಹೊಂದಿಸಿಕೊಳ್ಳಬೇಕು. ನಿಮಿಷಕ್ಕೆ ಮೂರರಂತೆ 24 ತೋಟ ಎಂದರೆ ಎಂಟು ನಿಮಿಷದ ಯುದ್ಧ. ಅದಕ್ಕಿಂತ ಮುಖ್ಯ ಸಂಗತಿಯೆಂದರೆ ಸರ್ಕಾರದ ಸಿಪಾಯಿಯ ಕೈಯಲ್ಲಿದ್ದದ್ದೂ ಹೆಚ್ಚುಕಡಿಮೆ ಅದೇ ಕೋವಿ. ಪ್ರಜೆಯ ಆಯುಧಕ್ಕೂ ಪ್ರಭುವಿನ ಆಯುಧಕ್ಕೂ ನಡುವೆ ಇದ್ದ ಅಂತರ ತೀರ ಚಿಕ್ಕದು.

ಈ ಬಲಾಬಲವನ್ನು ಲೆಕ್ಕ ಹಾಕಿ ತೋರಿಸಿದವರು ಸಂವಿಧಾನದ ಶಿಲ್ಪಿಗಳಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್. ಹೊಸ ಸಂವಿಧಾನದಿಂದ ಕೇಂದ್ರ ಸರ್ಕಾರ ನಿರಂಕುಶವಾದೀತು ಎಂದು ಹೆದರಿದ್ದವರಿಗೆ ಉತ್ತರವಾಗಿ 1788ರ ಜನವರಿಯಲ್ಲಿ ಅವರು ಬರೆದ ಫೆಡರಲಿಸ್ಟ್ ಲೇಖನ ಸಂಖ್ಯೆ 46ರಲ್ಲಿ ಆ ಲೆಕ್ಕವಿದೆ. ಇಷ್ಟು ಜನಸಂಖ್ಯೆಯ ದೇಶ ಹೆಚ್ಚೆಂದರೆ 25ರಿಂದ 30 ಸಾವಿರ ಸೈನಿಕರನ್ನು ಸಾಕಬಲ್ಲದು. ಅದರ ಎದುರಿಗೆ ಸುಮಾರು ಐದು ಲಕ್ಷ ಸಶಸ್ತ್ರ ನಾಗರಿಕರು ನಿಲ್ಲುತ್ತಾರೆ. ಒಬ್ಬ ಸಿಪಾಯಿಗೆ 17ರಿಂದ 20 ಪ್ರಜೆಗಳು. ಇಂಥ ದೇಶವನ್ನು ಸೈನ್ಯದಿಂದ ಅಡಗಿಸುವುದು ಸಾಧ್ಯವೇ ಎಂಬುದು ಅವರ ವಾದ.

ಅದೇ ಲೆಕ್ಕವನ್ನು ಇಂದಿಗೆ ಹಾಕಿದರೆ ಮ್ಯಾಡಿಸನ್ ಅವರೇ ಬೆರಗಾಗುತ್ತಿದ್ದರು. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಂತೆ ಅಮೆರಿಕದ ವಯಸ್ಕರಲ್ಲಿ ಶೇ 32ರಷ್ಟು ಜನ ಸ್ವಂತ ಬಂದೂಕು ಇಟ್ಟುಕೊಂಡಿದ್ದಾರೆ. ಅಂದರೆ ಎಂಟು ಕೋಟಿಗೂ ಹೆಚ್ಚು ಜನ. ಸಕ್ರಿಯ ಸೇವೆಯಲ್ಲಿರುವ ಸೈನಿಕರು ಸುಮಾರು 13 ಲಕ್ಷ. ಒಬ್ಬ ಸೈನಿಕನಿಗೆ 60ಕ್ಕೂ ಹೆಚ್ಚು ಸಶಸ್ತ್ರ ಪ್ರಜೆಗಳು. ಮ್ಯಾಡಿಸನ್ ಕನಸು ಕಂಡ ಅನುಪಾತದ ಮೂರು ಪಟ್ಟು! ಬರಿಯ ತಲೆಯೆಣಿಕೆಯಲ್ಲಿ ನೋಡಿದರೆ ಚರಿತ್ರೆಯಲ್ಲೇ ಇಷ್ಟು ಸುರಕ್ಷಿತ ಪ್ರಜೆಗಳು ಮತ್ತಾರೂ ಇಲ್ಲ.

ಆದರೆ ಮ್ಯಾಡಿಸನ್ ಬರೆದದ್ದನ್ನು ನಿಧಾನವಾಗಿ ಓದಿದರೆ ಅವರ ಲೆಕ್ಕದಲ್ಲಿ ಕೋವಿಯ ಜೊತೆಗೆ ಇನ್ನೂ ಮೂರು ಬಾಬತ್ತುಗಳು ಕಾಣುತ್ತವೆ. ಆ ಐದು ಲಕ್ಷ ಜನಕ್ಕೆ ತಮ್ಮೊಳಗಿಂದಲೇ ಆರಿಸಿಕೊಂಡ ಅಧಿಕಾರಿಗಳಿರುತ್ತಾರೆ. ಅವರೆಲ್ಲರೂ ಹೋರಾಡುವುದು ಎಲ್ಲರಿಗೂ ಸೇರಿದ ಒಂದೇ ಸ್ವಾತಂತ್ರ್ಯಕ್ಕಾಗಿ. ಅವರನ್ನು ಒಗ್ಗೂಡಿಸಿ ನಡೆಸುವುದು ಅವರು ನಂಬಿದ ರಾಜ್ಯ ಸರ್ಕಾರಗಳು. ಆಯುಧ, ನಾಯಕತ್ವ, ಸಮಾನ ಗುರಿ, ನಂಬಿಕೆಯ ಸಂಸ್ಥೆ: ಈ ನಾಲ್ಕರ ಗುಣಾಕಾರವೇ ಅವರು ಹೇಳಿದ ರಕ್ಷಣೆ. ಒಂದನ್ನು 39 ಕೋಟಿಗೆ ಏರಿಸಿದರೂ ಉಳಿದ ಮೂರರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧ ಸೊನ್ನೆಯೇ. ನಾನು ಈ ಬರಹದಲ್ಲಿ ಹೇಳಹೊರಟಿರುವುದು ಇಷ್ಟೇ. ಪ್ರಜೆಗಳನ್ನು ಕಾಪಾಡುವುದು ಆಯುಧದ ಎಣಿಕೆಯೋ, ಜನರ ಒಗ್ಗಟ್ಟಿನ ಎಣಿಕೆಯೋ ಎಂಬ ಪ್ರಶ್ನೆಗೆ 250 ವರ್ಷಗಳ ಅಂಕಿಅಂಶಗಳು ಉತ್ತರ ಕೊಟ್ಟಾಗಿದೆ.

ಹಾಗೆಂದು ಆ ಭಯ ಸುಳ್ಳೆನ್ನುವವರು ನಮ್ಮದೇ ಹಲಗಲಿಯತ್ತ ನೋಡಬೇಕು. ಇಂದಿನ ಬಾಗಲಕೋಟೆ ಜಿಲ್ಲೆಯ, ಅಂದು ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ಬೇಡರಿಗೆ ಆಯುಧ ಬದುಕಿನ ಭಾಗವೇ ಆಗಿತ್ತು. 1857ರ ದಂಗೆಯಿಂದ ಬೆಚ್ಚಿದ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ತಂದಿತು. ಹತಾರ ಒಪ್ಪಿಸಿ ಎಂದು ಅಪ್ಪಣೆ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಊರಿಗೆ ನುಗ್ಗಿತು, ಮನೆಗಳು ಹೊತ್ತಿ ಉರಿದವು. ಡಿಸೆಂಬರ್‌ನಲ್ಲಿ 13 ಜನರನ್ನು ಮುಧೋಳದಲ್ಲಿ, ಆರು ಜನರನ್ನು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಆ ಕಾಳಗದ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವರು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್. ಶಾಲೆಯ ಪಾಠದಲ್ಲಿ ಅದನ್ನು ಓದಿದ ನಮಗೆ ಕಾಂಕರ್ಡ್‌ನ ರೈತನ ಸಿಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆ ಸರ್ಕಾರ ಮಾಡಿದ್ದು ಒಂದೇ ಕೆಲಸ. ಕಾಂಕರ್ಡ್‌ನಲ್ಲಿ ಒಂದೇ ದಿನದೊಳಗೆ ಸುತ್ತಲ ಊರುಗಳ ಸಾವಿರಾರು ಜನ ಬಂದು ಕೂಡಿಕೊಂಡರು. ಹಲಗಲಿ ಒಂಟಿಯಾಗಿತ್ತು. ಫಲಿತಾಂಶ ಬೇರೆಯಾದದ್ದು ಅಲ್ಲಿ.

ನಿರಾಯುಧರನ್ನಾಗಿ ಮಾಡುವುದು ಆಳುವವರ ಹಳೆಯ ತಂತ್ರ ಎಂಬುದು ನಮ್ಮ ಸ್ವಾತಂತ್ರ್ಯ ಹೋರಾಟಗಾರರಿಗೂ ಗೊತ್ತಿತ್ತು. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಇಡೀ ಜನಾಂಗದ ಕೈಯಿಂದ ಆಯುಧ ಕಿತ್ತ ಆ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತ್ಯಂತ ಕರಾಳ ಕೃತ್ಯವೆಂದು ಖಂಡಿಸಿದವರು ಅಹಿಂಸೆಯ ಗಾಂಧೀಜಿ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಅದನ್ನು ವಿರೋಧಿಸಿದರು, ಸಭೆ ತಿರಸ್ಕರಿಸಿತು. ಹೀಗೆ ಅಮೆರಿಕದಲ್ಲಿ ಹಕ್ಕಾಗಿ ಉಳಿದದ್ದು ಭಾರತದಲ್ಲಿ ಪರವಾನಗಿಯಾಯಿತು. 2019ರ ತಿದ್ದುಪಡಿಯ ನಂತರ ಇಲ್ಲಿ ಒಬ್ಬ ಲೈಸೆನ್ಸುದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ.

ಒಂದು ವಿನಾಯಿತಿ ಮಾತ್ರ ಕೊಡಗಿನಲ್ಲಿ ಉಳಿದಿದೆ. ಹಲಗಲಿಯವರು ಗಲ್ಲಿಗೇರಿದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಬ್ರಿಟಿಷ್ ಸರ್ಕಾರ ಕೊಡವರ ನಿಷ್ಠೆಯನ್ನು ಮೆಚ್ಚಿ ಅವರ ಕೋವಿಗಳಿಗೆ ವಿನಾಯಿತಿ ಕೊಟ್ಟಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಅದು ಇಂದಿಗೂ ಇದೆ. ಈಗಿನ ಅವಧಿ 2029ರವರೆಗೆ. ಕೈಲ್‌ಪೊಳ್ದ್ ಹಬ್ಬದಂದು ಒಕ್ಕದ, ಅಂದರೆ ಮನೆತನದ, ಮನೆಯಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಕೋವಿ ಹಿರಿಯರ ಕಣ್ಣಳವಿನಲ್ಲಿ, ಮನೆತನದ ಮಾನದ ಜೊತೆ ಬದುಕುತ್ತದೆ. ಆದರೆ ಅದು ಸರ್ಕಾರ ಮೆಚ್ಚಿ ಕೊಟ್ಟ ವಿನಾಯಿತಿಯೇ ಹೊರತು ಸರ್ಕಾರವನ್ನು ತಡೆಯಲೆಂದು ಬರೆದಿಟ್ಟ ಹಕ್ಕಲ್ಲ.

ಅಮೆರಿಕದಲ್ಲಿ ಈ ಭಯ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಊರಿನ ಒಂದು ಕಚೇರಿ ಸಾಕ್ಷಿ. ಅಪರಾಧದಲ್ಲಿ ಸಿಕ್ಕ ಬಂದೂಕು ಮೊದಲು ಯಾರಿಗೆ ಮಾರಾಟವಾಗಿತ್ತು ಎಂದು ಪತ್ತೆ ಹಚ್ಚುವ ರಾಷ್ಟ್ರೀಯ ಕೇಂದ್ರ ಅದು. ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ವಿಚಾರಣೆಗಳು ಅಲ್ಲಿಗೆ ಬರುತ್ತವೆ. ಬಾಗಿಲು ಮುಚ್ಚಿದ ಬಂದೂಕಿನಂಗಡಿಗಳ ಮಾರಾಟದ ದಾಖಲೆಗಳೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ಅಲ್ಲಿಗೇ ಬಂದು ಸೇರುತ್ತವೆ. ಪೆಟ್ಟಿಗೆಗಳ ಭಾರಕ್ಕೆ ನೆಲ ಕುಸಿದೀತೆಂದು ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಸರಕು ಸಾಗಣೆಯ ಕಂಟೇನರ್‌ಗಳನ್ನು ತಂದು ನಿಲ್ಲಿಸಿ ಅದರೊಳಗೆ ತುಂಬಿಸಿಟ್ಟರು. ಸಿಬ್ಬಂದಿ ಹಾಳೆಗಳನ್ನು ಬಿಡಿಸಿ ಸ್ಕ್ಯಾನ್ ಮಾಡುತ್ತಾರೆ. ಆದರೆ ಆ ಚಿತ್ರಗಳಲ್ಲಿ ಮಾಲೀಕನ ಹೆಸರು ಟೈಪ್ ಮಾಡಿ ಹುಡುಕಲು ಬಾರದು. ಹಳೆಯ ಕಡತ ತಿರುವಿದಂತೆ ಪುಟದ ಮೇಲೆ ಪುಟ ಕಣ್ಣಾಡಿಸಿಯೇ ಹುಡುಕಬೇಕು. ಯಾರ ಮನೆಯಲ್ಲಿ ಬಂದೂಕಿದೆ ಎಂಬ ಪಟ್ಟಿ ಸರ್ಕಾರದ ಬಳಿ ಇದ್ದರೆ ನಾಳೆ ಅದೇ ಪಟ್ಟಿ ಹಿಡಿದು ಬಾಗಿಲು ಬಡಿದೀತು ಎಂಬ ಅಂಜಿಕೆಯಿಂದ, ರಾಷ್ಟ್ರೀಯ ಬಂದೂಕು ನೋಂದಣಿಯನ್ನು 1986ರ ಕಾಯ್ದೆಯೇ ನಿಷೇಧಿಸಿದೆ. ಗೂಗಲ್ ಹುಟ್ಟಿದ ದೇಶ ತನ್ನ ಸರ್ಕಾರದ ಕಣ್ಣಿಗೆ ಬೇಕೆಂದೇ ಪಟ್ಟಿ ಕಟ್ಟಿದೆ.

ಇಷ್ಟೆಲ್ಲ ಕಾವಲಿದ್ದ ಮೇಲೆ, ನಿಜವಾದ ದಬ್ಬಾಳಿಕೆ ಬಂದಾಗ ಏನಾಯಿತು? ಅಮೆರಿಕದ ಚರಿತ್ರೆಯೇ ಈ ಪರೀಕ್ಷೆಯನ್ನು ಹಲವು ಸಲ ನಡೆಸಿದೆ.

ಮೊದಲ ಪರೀಕ್ಷೆ ಸಂವಿಧಾನದ ಜೊತೆಗೇ ಹುಟ್ಟಿತು. 1790ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 39 ಲಕ್ಷ. ಅವರಲ್ಲಿ ಸುಮಾರು ಏಳು ಲಕ್ಷ ಜನ ಗುಲಾಮರು. ಆ ನೆಲದಲ್ಲಿ ಅವರಿಗಿಂತ ಹೆಚ್ಚು ದಬ್ಬಾಳಿಕೆ ಉಂಡವರಿರಲಿಲ್ಲ. ಆಯುಧ ಹಿಡಿಯುವ ಹಕ್ಕು ಇಲ್ಲದವರೂ ಅವರೇ. ಸ್ವಾತಂತ್ರ್ಯದ ಕೋವಿ ಅವರತ್ತಲೇ ಗುರಿ ಮಾಡಿತ್ತು.

1794ರಲ್ಲಿ ವಿಸ್ಕಿ ಸುಂಕದ ವಿರುದ್ಧ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ಬಂದೂಕು ಎತ್ತಿದರು. ತಿದ್ದುಪಡಿ ಜಾರಿಯಾಗಿ ಇನ್ನೂ ಮೂರು ವರ್ಷ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಜನರ ನಾಗರಿಕ ಪಡೆಯನ್ನು ಕೂಡಿಸಿ ತಾವೇ ಹೊರಟರು. ದಂಗೆ ಯುದ್ಧವಿಲ್ಲದೆ ಕರಗಿಹೋಯಿತು. ಸಶಸ್ತ್ರ ಪ್ರಜೆಗಳನ್ನು ಅಡಗಿಸಲು ಸರ್ಕಾರ ಬಳಸಿದ್ದು ಸಶಸ್ತ್ರ ಪ್ರಜೆಗಳನ್ನೇ.

1873ರ ಏಪ್ರಿಲ್ 13ರಂದು ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ, ಚುನಾವಣೆಯ ಫಲಿತಾಂಶ ಕಾಯಲೆಂದು ನ್ಯಾಯಾಲಯದ ಕಟ್ಟಡದಲ್ಲಿ ಕೋವಿ ಹಿಡಿದು ನಿಂತಿದ್ದ ಕರಿಯ ನಾಗರಿಕರ ಮೇಲೆ ಬಿಳಿಯರ ಗುಂಪು ಫಿರಂಗಿ ತಂದು ಎರಗಿತು. ಸತ್ತ ಕರಿಯರ ಸಂಖ್ಯೆಯನ್ನು ಇತಿಹಾಸಕಾರರು 60ರಿಂದ 150ರವರೆಗೆ ಅಂದಾಜು ಮಾಡುತ್ತಾರೆ. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋದಾಗ, ಎರಡನೇ ತಿದ್ದುಪಡಿ ಕೇಂದ್ರ ಸರ್ಕಾರವನ್ನು ಮಾತ್ರ ತಡೆಯುತ್ತದೆ, ಸಹನಾಗರಿಕರನ್ನಲ್ಲ ಎಂದು 1876ರಲ್ಲಿ ತೀರ್ಪಾಯಿತು. ಕೋಲ್‌ಫ್ಯಾಕ್ಸ್‌ನ ಕರಿಯರ ಬಳಿ ಆಯುಧವಿತ್ತು. ನೆರೆಯವರಾಗಲಿ ನ್ಯಾಯಾಲಯವಾಗಲಿ ಜೊತೆಗಿರಲಿಲ್ಲ.

ಅತ್ಯಂತ ದೊಡ್ಡ ಪರೀಕ್ಷೆ 1942ರದು. ಪರ್ಲ್ ಹಾರ್ಬರ್ ದಾಳಿಯ ನಂತರ ಅಧ್ಯಕ್ಷ ರೂಸ್ವೆಲ್ಟ್ ಫೆಬ್ರುವರಿ 19ರಂದು 9066ನೇ ಆದೇಶಕ್ಕೆ ಸಹಿ ಹಾಕಿದರು. ಜಪಾನಿ ಮೂಲದ ಸುಮಾರು 1.2 ಲಕ್ಷ ಜನರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಮೂವರಲ್ಲಿ ಇಬ್ಬರು ಅಮೆರಿಕದಲ್ಲೇ ಹುಟ್ಟಿದ ಪೌರರು. ಆರೋಪವಿಲ್ಲ, ವಿಚಾರಣೆಯಿಲ್ಲ. ಎರಡನೇ ತಿದ್ದುಪಡಿ ತಡೆಯಬೇಕಾಗಿದ್ದ ದಬ್ಬಾಳಿಕೆ ಎಂದರೆ ಇದೇ. ಆಗಲೂ ದೇಶದ ತುಂಬ ಮನೆಮನೆಗಳಲ್ಲಿ ಬಂದೂಕುಗಳಿದ್ದವು. ನೆರೆಯವರನ್ನು ಕರೆದೊಯ್ಯುವ ಬಸ್ಸುಗಳ ಮುಂದೆ ಒಂದು ಊರೂ ಅಡ್ಡ ನಿಲ್ಲಲಿಲ್ಲ. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಪರ ನಿಂತಿತು. ಬದುಕುಳಿದವರಿಗೆ ತಲಾ 20,000 ಡಾಲರ್ ಮತ್ತು ಕ್ಷಮೆ ಸಿಕ್ಕಿದ್ದು 1988ರ ಕಾಯ್ದೆಯಿಂದ, ದಶಕಗಳ ಕಾಲ ಜನ ಪಟ್ಟು ಹಿಡಿದು ಕೇಳಿದ ಮೇಲೆ.

ಬಂದೂಕು ಗೆದ್ದ ನಿದರ್ಶನವನ್ನೂ ಮರೆಯಬಾರದು. 1946ರ ಆಗಸ್ಟ್ 1ರಂದು ಟೆನೆಸಿಯ ಅಥೆನ್ಸ್ ಊರಿನಲ್ಲಿ ಭ್ರಷ್ಟ ಅಧಿಕಾರಿಗಳು ಮತಪೆಟ್ಟಿಗೆಗಳನ್ನು ಜೈಲಿಗೆ ಹೊತ್ತೊಯ್ದರು. ಮಹಾಯುದ್ಧ ಮುಗಿಸಿ ಊರಿಗೆ ಮರಳಿದ್ದ ಮಾಜಿ ಸೈನಿಕರು ರಕ್ಷಣಾ ಪಡೆಯ ಶಸ್ತ್ರಾಗಾರದಿಂದ ರೈಫಲ್ ತೆಗೆದುಕೊಂಡು ರಾತ್ರಿಯಿಡೀ ಜೈಲಿಗೆ ಮುತ್ತಿಗೆ ಹಾಕಿದರು. ಬೆಳಗಾಗುವ ಮುಂಚೆ ಒಳಗಿದ್ದವರು ಶರಣಾದರು. ಹಲವರು ಗಾಯಗೊಂಡರು, ಯಾರೂ ಸಾಯಲಿಲ್ಲ. ಮತ ಎಣಿಕೆಯಾಗಿ ಸೈನಿಕರ ಅಭ್ಯರ್ಥಿ ಗೆದ್ದರು. ಮ್ಯಾಡಿಸನ್ ಹೇಳಿದ ನಾಲ್ಕೂ ಅಲ್ಲಿದ್ದವು: ಆಯುಧ, ಯುದ್ಧದಲ್ಲಿ ಪಳಗಿದ ನಾಯಕರು, ಊರಿನ ಒಮ್ಮತ, ಮತಪೆಟ್ಟಿಗೆಯ ಮೇಲಿನ ನಂಬಿಕೆ. ಅವರು ಕೇಳಿದ್ದು ಮತಗಳನ್ನು ಎಣಿಸಿ ಎಂದಷ್ಟೇ.

ಸರ್ಕಾರದ ಬಳಿ ಟ್ಯಾಂಕು, ವಿಮಾನಗಳಿರುವಾಗ ನಾಗರಿಕನ ರೈಫಲ್ ಏನು ಮಾಡೀತು ಎಂದು ಕೇಳಿದರೆ, ಹಕ್ಕಿನ ಪರ ವಾದಿಸುವವರು ಅಫ್ಘಾನಿಸ್ತಾನದತ್ತ ಬೆರಳು ತೋರಿಸುತ್ತಾರೆ. ಜಗತ್ತಿನ ಅತಿ ಬಲಿಷ್ಠ ಸೈನ್ಯ 20 ವರ್ಷ ಹೋರಾಡಿ 2021ರಲ್ಲಿ ಹೊರಟುಹೋಯಿತಲ್ಲ ಎನ್ನುತ್ತಾರೆ. ನಿಜ. ಆದರೆ ಅದರ ಬೆಲೆ ಅಫ್ಘಾನ್ ನೆಲದಲ್ಲಿ 1.7 ಲಕ್ಷಕ್ಕೂ ಹೆಚ್ಚು ಜೀವ ಎಂದು ಬ್ರೌನ್ ವಿಶ್ವವಿದ್ಯಾಲಯದ ಯುದ್ಧವೆಚ್ಚ ಅಧ್ಯಯನ ಲೆಕ್ಕ ಹಾಕಿದೆ. ಕೊನೆಗೆ ಅಧಿಕಾರ ಹಿಡಿದವರು ಹೆಣ್ಣುಮಕ್ಕಳನ್ನು ಆರನೇ ತರಗತಿಯಾಚೆ ಶಾಲೆಗೆ ಬಿಡುತ್ತಿಲ್ಲ. ಬಂದೂಕು ಗೆದ್ದಿತು, ಸ್ವಾತಂತ್ರ್ಯ ಗೆಲ್ಲಲಿಲ್ಲ.

ಇನ್ನು, ಮುಂದೆ ಬರಬಹುದಾದ ದಬ್ಬಾಳಿಕೆಯ ವಿರುದ್ಧ ಅಮೆರಿಕ ದಿನದಿನವೂ ಕಟ್ಟುತ್ತಿರುವ ವಿಮೆಯ ಕಂತಿನ ಲೆಕ್ಕ. 2023ರಲ್ಲಿ ಆ ದೇಶದಲ್ಲಿ ಗುಂಡಿನಿಂದ ಸತ್ತವರು 46,728. ದಿನಕ್ಕೆ 128. ಇವರಲ್ಲಿ ಸುಮಾರು 27,300 ಜನ ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡವರು, ಸುಮಾರು 17,900 ಜನ ಕೊಲೆಯಾದವರು. ಎಂಟು ವರ್ಷ ನಡೆದ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ರಣರಂಗದಲ್ಲಿ ಮಡಿದ ಅಮೆರಿಕನ್ನರು ಸರ್ಕಾರಿ ಲೆಕ್ಕದಂತೆ 4,435. ಇಂದು ಅಷ್ಟು ಸಾವುಗಳಿಗೆ 35 ದಿನ ಸಾಕು. ಒಬ್ಬ ದೊರೆಯಿಂದ ಬಿಡುಗಡೆ ಪಡೆಯಲು ಎಂಟು ವರ್ಷದಲ್ಲಿ ತೆತ್ತದ್ದರ ಹತ್ತು ಪಟ್ಟನ್ನು, ಯಾವ ದೊರೆಯೂ ಎದುರಿಗಿಲ್ಲದೆ, ಪ್ರತಿ ವರ್ಷ ತೆರುತ್ತಿದ್ದಾರೆ. 2020ರಿಂದ ಅಲ್ಲಿನ 1ರಿಂದ 19 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಬಂದೂಕು.

ಆಯುಧದ ಸ್ವರೂಪವೂ ಗುರುತು ಸಿಗದಷ್ಟು ಬದಲಾಗಿದೆ. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಹೋಟೆಲ್ ಕಿಟಕಿಯಿಂದ ಒಬ್ಬನೇ ಒಬ್ಬ ಮನುಷ್ಯ ಸುಮಾರು 10 ನಿಮಿಷದಲ್ಲಿ 1,000ಕ್ಕೂ ಹೆಚ್ಚು ಗುಂಡು ಹಾರಿಸಿದ. ಸಂಗೀತ ಕೇಳಲು ಬಂದಿದ್ದ 60 ಜನ ಆ ರಾತ್ರಿಯ ದಾಳಿಗೆ ಬಲಿಯಾದರು. 1791ರ ಪಳಗಿದ ಕೋವಿಕಾರನಿಗೆ ಅಷ್ಟು ಗುಂಡು ಹಾರಿಸಲು ಐದೂವರೆ ಗಂಟೆಗೂ ಹೆಚ್ಚು ಸಮಯ ಬೇಕಿತ್ತು. ಕಾಂಕರ್ಡ್‌ನಲ್ಲಿ ಸಾವಿರಾರು ಜನ ಎರಡೂ ಕಡೆಯಿಂದ ಇಡೀ ದಿನ ಕಾದಾಡಿ ಸತ್ತವರು 122.

39 ಕೋಟಿ ಬಂದೂಕುಗಳು ಇಡೀ ಜನತೆಗೆ ಹಂಚಿಹೋಗಿವೆಯೆಂದೂ ತಿಳಿಯಬಾರದು. 2015ರಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯಗಳು ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ 3ರಷ್ಟು ಜನರ ಬಳಿ ದೇಶದ ಅರ್ಧದಷ್ಟು ಬಂದೂಕುಗಳಿವೆ. ಒಬ್ಬೊಬ್ಬರ ಬಳಿ ಸರಾಸರಿ 17. ಒಬ್ಬ ಮನುಷ್ಯನಿಗೆ ಇರುವುದು ಎರಡೇ ಕೈ. ಹದಿನೇಳನೇ ಬಂದೂಕು ಸರ್ಕಾರವನ್ನು ತಡೆಯುವ ಹದಿನೇಳನೇ ಪ್ರಜೆಯನ್ನು ತಂದುಕೊಡುವುದಿಲ್ಲ.

ಹಾಗಾದರೆ ನಿರಂಕುಶ ಸರ್ಕಾರಗಳನ್ನು ತಡೆದದ್ದು ಏನು? ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ವಿದ್ವಾಂಸರು 1900ರಿಂದ 2006ರವರೆಗೆ ಜಗತ್ತಿನಲ್ಲಿ ನಡೆದ 323 ದೊಡ್ಡ ಹೋರಾಟಗಳನ್ನು ಒಂದೊಂದಾಗಿ ಅಧ್ಯಯನ ಮಾಡಿದರು. ಆಯುಧ ಹಿಡಿದ ಹೋರಾಟಗಳಲ್ಲಿ ಗೆದ್ದವು ಶೇ 26, ಆಯುಧವಿಲ್ಲದವು ಶೇ 53. ನಿರಾಯುಧ ಹೋರಾಟಗಳಲ್ಲೂ ಅರ್ಧದಷ್ಟು ಸೋತಿವೆ. ಗೆಲುವು ಎಲ್ಲೂ ಖಾತರಿಯಲ್ಲ. ಆದರೂ ಎರಡು ಪಟ್ಟು ಎಂಬುದು ಸಣ್ಣ ವ್ಯತ್ಯಾಸವಲ್ಲ. ಅವರು ಕಂಡುಕೊಂಡ ಮುಖ್ಯ ಕಾರಣ ಜನಬಲ. ಬಂದೂಕಿನ ಹೋರಾಟಕ್ಕೆ ಗಟ್ಟಿಮುಟ್ಟಾದ ಯುವಕರಷ್ಟೇ ಬರುತ್ತಾರೆ. ಬರಿಗೈ ಹೋರಾಟಕ್ಕೆ ಅಜ್ಜಿಯೂ ಬರಬಲ್ಲಳು, ಮೇಷ್ಟರೂ ಗುಮಾಸ್ತರೂ ಬರಬಲ್ಲರು. ಗುಂಪಿನಲ್ಲಿ ತನ್ನವರೇ ಕಂಡಾಗ ಪೊಲೀಸನ ಕೈ ತಡೆಯುತ್ತದೆ.

ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆ ಸ್ಟಾಸಿಯಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು. ಜನರ ಬಳಿ ಹೇಳಿಕೊಳ್ಳುವಂಥ ಆಯುಧವಿರಲಿಲ್ಲ. 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್ ನಗರದಲ್ಲಿ 70,000 ಜನ ಮೇಣದಬತ್ತಿ ಹಿಡಿದು ಬೀದಿಗಿಳಿದರು. ಶಸ್ತ್ರಸಜ್ಜಿತ ಪಡೆಗಳು ಸಿದ್ಧವಾಗಿ ನಿಂತಿದ್ದವು, ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ಬಾಯಿ ತೆರೆಯಿತು. ನಮ್ಮ ತುರ್ತುಪರಿಸ್ಥಿತಿಯ 21 ತಿಂಗಳಲ್ಲಿ ಬಂಧಿತರಾದವರು ಶಾ ಆಯೋಗದ ಲೆಕ್ಕದಂತೆ 1,10,806 ಜನ. ಅದಕ್ಕೆ ಕೊನೆ ಹಾಡಿದ್ದು 1977ರ ಮಾರ್ಚ್ ತಿಂಗಳ ಮತದಾನ.

ಸರ್ಕಾರದ ಭಯ ಪ್ರಜೆಗೆ ಇರಲೇಬೇಕು. ಆ ಭಯವೇ ಸಂವಿಧಾನಗಳನ್ನು ಬರೆಸಿದ್ದು, ಹಕ್ಕುಗಳ ಪಟ್ಟಿ ಮಾಡಿಸಿದ್ದು. ಅದನ್ನು ಹಾಸ್ಯ ಮಾಡುವ ಸಮಾಜ ಹಲಗಲಿಯನ್ನೂ 9066ನೇ ಆದೇಶವನ್ನೂ ಮರೆತ ಸಮಾಜ. ಆದರೆ ಕಾವಲಿಗೆ ಏನನ್ನು ಎಣಿಸಬೇಕು ಎಂಬುದರಲ್ಲಿ ಅಮೆರಿಕ ಎಡವಿದೆ ಎಂದು ಈ ಅಂಕಿಗಳು ಸಾರುತ್ತವೆ. 1942ರಲ್ಲಿ ಕಡಿಮೆ ಬಿದ್ದದ್ದು ರೈಫಲ್ಲಲ್ಲ. ಪಕ್ಕದ ಮನೆಯ ಜಪಾನಿ ಕುಟುಂಬ ನಮ್ಮದೇ ಎಂದು ಎದ್ದು ನಿಲ್ಲುವ ನೆರೆಯವರು, ತಪ್ಪು ಆದೇಶಕ್ಕೆ ಸಹಿ ಹಾಕಲಾರೆ ಎನ್ನುವ ಅಧಿಕಾರಿ, ಸರ್ಕಾರವನ್ನು ಪ್ರಶ್ನಿಸಬಲ್ಲ ನ್ಯಾಯಾಧೀಶರು ಕಡಿಮೆ ಬಿದ್ದರು. ಅಂಥವರು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಅವರನ್ನು ಶಾಲೆ, ಸಂಘ, ಪತ್ರಿಕೆ, ಪಂಚಾಯಿತಿ, ನ್ಯಾಯಾಲಯಗಳಲ್ಲಿ ತಲೆಮಾರುಗಟ್ಟಲೆ ಬೆಳೆಸಬೇಕು. ದಬ್ಬಾಳಿಕೆಗೆ ಹೆದರುವ ಯಾವುದೇ ದೇಶ ತನ್ನ ಭದ್ರತೆಯನ್ನು ಅಳೆಯಲು ಬಯಸಿದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ಜಾತಿ, ಬಣ್ಣ, ಧರ್ಮ, ಪಕ್ಷದವನಲ್ಲದ ಒಬ್ಬನ ಮೇಲೆ ಸರ್ಕಾರ ಕೈ ಮಾಡಿದ ದಿನ, ನಮ್ಮಲ್ಲಿ ಎಷ್ಟು ಜನ ಅವನ ಪರವಾಗಿ ಹೊರಗೆ ಬರುತ್ತೇವೆ? ಆ ಸಂಖ್ಯೆ ದೊಡ್ಡದಿರುವ ದೇಶವನ್ನು ಬಗ್ಗಿಸುವ ಸರ್ಕಾರ ಹುಟ್ಟುವುದು ಕಷ್ಟ. ಅದು ಚಿಕ್ಕದಿದ್ದರೆ 39 ಕೋಟಿ ಬಂದೂಕುಗಳೂ ಆ ಕೊರತೆಯನ್ನು ತುಂಬಲಾರವು.